ಭಾವನ ಎಂಜಿನ್ನು, ಮಾವನ ಗೇರ್‌ಬಾಕ್ಸು

ನನ್ನ ಟೀಚರ್ ಕೆಲಸ ಮೊದಲ ಒಂದೆರಡು ವರ್ಷ ಒಂದು ಗೇರ್‌ಬಾಕ್ಸನ್ನು ನಂಬಿಕೊಂಡಿತ್ತು ಎಂದರೆ ಈಗಿನವರು ನಗುತ್ತಾರೆ. ನಗಲಿ ಬಿಡಿ. ಆಗ ನನಗೆ ನಗುವುದಕ್ಕೂ ಅಳುವುದಕ್ಕೂ ಪುರಸೊತ್ತಿರಲಿಲ್ಲ. ಬೆಳಗ್ಗೆ ಎದ್ದರೆ ಮನೆಮಂದಿಗೆಲ್ಲ ರೊಟ್ಟಿ ತಟ್ಟಬೇಕಿತ್ತು.

ನಾನು ಚಾಮರಾಜಪೇಟೆಯ ಆ ಮನೆಗೆ ಸೊಸೆಯಾಗಿ ಬಂದಾಗ ಎರಡನೆಯ ಮಹಾಯುದ್ಧ ಮುಗಿಯುತ್ತಾ ಬಂದಿತ್ತು. ಮಾವನವರಿಗೆ ಕಾಟನ್‌ಪೇಟೆಯಲ್ಲಿ ಹಗ್ಗ ಮತ್ತು ಗೋಣಿಚೀಲದ ಸಗಟು ವ್ಯಾಪಾರ. ಇಬ್ಬರು ಗಂಡುಮಕ್ಕಳೂ ಅದೇ ಅಂಗಡಿಯಲ್ಲಿ. ದೊಡ್ಡವರು ನನ್ನ ಭಾವ, ಚಿಕ್ಕವರು ನನ್ನ ಯಜಮಾನರು. ನಾನು ಸೈನ್ಸ್ ಓದಿ ಡಿಗ್ರಿ ಮಾಡಿಕೊಂಡಿದ್ದೆ. ಮದುವೆಯಾದ ಮೇಲೆ ಮಲ್ಲೇಶ್ವರದ ಒಂದು ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಕೆಲಸ ಸಿಗುವ ಹಾಗಾಯಿತು. ಸೊಸೆ ಕೆಲಸಕ್ಕೆ ಹೋಗುವುದೆಂದರೆ ಆ ಬೀದಿಯಲ್ಲಿ ಮನೆಮನೆಗೂ ಸುದ್ದಿ. ಮಾವ ಎರಡು ದಿನ ಮಾತಾಡದೆ ಇದ್ದು, ಮೂರನೆಯ ದಿನ ಊಟಕ್ಕೆ ಕೂತಾಗ ಹೇಳಿದರು:

“ಓದಿರೋ ಹುಡುಗಿ, ಹೋಗ್ಲಿ. ಆದ್ರೆ ನಮ್ಮನೆ ಹೆಣ್ಣುಮಗಳು ಒಬ್ಳೇ ಬಸ್ಸಲ್ಲಿ ಹೋಗೋದು ಬೇಡ. ಮನೆ ಕಾರಲ್ಲಿ ಹೋಗ್ಬೇಕು, ಮನೆ ಕಾರಲ್ಲಿ ಬರ್ಬೇಕು. ಕಾರಿಲ್ದಿದ್ರೆ ಕೆಲ್ಸಾನೂ ಇಲ್ಲ.”

ಮಾವನವರ ಮಾತೆಂದರೆ ಮಾತು. ಅಂಗಡಿಯಲ್ಲಾಗಲಿ ಮನೆಯಲ್ಲಾಗಲಿ ಒಮ್ಮೆ ಆಡಿದ್ದನ್ನು ಅವರು ಹಿಂದಕ್ಕೆ ತೆಗೆದುಕೊಂಡದ್ದನ್ನು ಯಾರೂ ಕಂಡಿರಲಿಲ್ಲ. ನಾನು ತಲೆಯಾಡಿಸಿ ಸಾರು ಬಡಿಸಿದೆ.

ಆ ಕಾರನ್ನು ಮಾವ ಯುದ್ಧಕ್ಕೆ ಮುಂಚೆ ಕೊಂಡಿದ್ದರು. ಇಂಗ್ಲೆಂಡಿನಲ್ಲಿ ಮಾಡಿದ ಪುಟ್ಟ ಕಪ್ಪು ಗಾಡಿ. ಪೆಟ್ರೋಲಿಗೆ ರೇಷನ್ ಬಂದಾಗ ಹಿಂದುಗಡೆ ಡ್ರಮ್ಮಿನಂಥ ಇದ್ದಿಲ ಒಲೆ ಕಟ್ಟಿಸಿ, ಅದರ ಗ್ಯಾಸಿನಲ್ಲೇ ಓಡಿಸುತ್ತಿದ್ದರಂತೆ. ಮೊದಲೇ ಸಣ್ಣ ಎಂಜಿನ್ನು, ಅದರ ಮೇಲೆ ಇದ್ದಿಲು. ಎತ್ತಿನಗಾಡಿಯ ಜೊತೆ ಮಾತಾಡಿಕೊಂಡು ಹೋಗಬಹುದಿತ್ತು ಎಂದು ನಮ್ಮ ಯಜಮಾನರು ತಮಾಷೆ ಮಾಡುತ್ತಿದ್ದರು. ಆದರೆ ಅಷ್ಟೆಲ್ಲ ವರ್ಷ ಅದರ ಗೇರ್‌ಬಾಕ್ಸಿನ ಮುಚ್ಚಳ ಒಮ್ಮೆಯೂ ಬಿಚ್ಚಿರಲಿಲ್ಲ.

ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಇದ್ದಿಲ ಒಲೆ ಕಳಚಿ ಪೆಟ್ರೋಲು ಬಂದಿತ್ತು. ಬೆಳಗ್ಗೆ ನಮ್ಮ ಯಜಮಾನರು ನನ್ನನ್ನು ಮಲ್ಲೇಶ್ವರಕ್ಕೆ ಬಿಟ್ಟು ಅಂಗಡಿಗೆ ಹೋಗುವರು. ಸಂಜೆ ಭಾವ ಬಂದು ಕರೆದುಕೊಂಡು ಬರುವರು. ಹೀಗೆ ಒಂದು ವರ್ಷ ಸುಸೂತ್ರವಾಗಿ ನಡೆಯಿತು. ನಾನು ಎಷ್ಟು ಸುಖವಾಗಿದ್ದೆನೆಂದರೆ, ಕಾರಿನಲ್ಲಿ ಕೂತ ಆ ಅರ್ಧ ಗಂಟೆ ಬಿಟ್ಟರೆ ದಿನದಲ್ಲಿ ನಾನು ಸುಮ್ಮನೆ ಕೂರುತ್ತಲೇ ಇರಲಿಲ್ಲ.

ಎಲ್ಲ ಕೆಟ್ಟದ್ದು ಶಿವಗಂಗೆಯ ದಾರಿಯಲ್ಲಿ. ಒಂದು ಭಾನುವಾರ ಮನೆಮಂದಿಯೆಲ್ಲ ಆ ಪುಟ್ಟ ಗಾಡಿಯಲ್ಲಿ ಒತ್ತಿಕೊಂಡು ಹೊರಟೆವು. ಒಂದು ಏರಿನಲ್ಲಿ ಕಾರು ಏದುಸಿರು ಬಿಟ್ಟು ನಿಂತುಬಿಟ್ಟಿತು. ಅತ್ತೆಯವರೂ ಸೇರಿ ಹೆಂಗಸರೆಲ್ಲ ಇಳಿದು ನಡೆದೆವು. ಆಗಲೇ ಹಿಂದಿನಿಂದ ಒಂದು ಜಟಕಾ ಬಂದು ನಮ್ಮನ್ನು ದಾಟಿ ಹೋಯಿತು. ಅದರಲ್ಲಿದ್ದವರು ಕಣ್ಣಿಗೆ ಮರೆಯಾಗುವವರೆಗೂ ನಮ್ಮನ್ನೇ ತಿರುಗಿ ನೋಡುತ್ತಿದ್ದರು. ನಮಗೆ ಅದು ನಗೆಯ ವಿಷಯ. ಭಾವನಿಗೆ ಮಾತ್ರ ಅದು ಎದೆಗೆ ನಾಟಿತು.

ಭಾವ ಕೆಟ್ಟವರಲ್ಲ. ಆದರೆ ಏನನ್ನೂ ಮೆಲ್ಲಗೆ ಮಾಡಿ ಗೊತ್ತಿಲ್ಲದ ಮನುಷ್ಯ. ಬಾಗಿಲು ತೆಗೆದರೆ ಗೋಡೆಗೆ ಬಡಿಯಬೇಕು, ನೀರು ಕುಡಿದರೆ ಚೊಂಬು ಒಂದೇ ಗುಟುಕಿಗೆ ಖಾಲಿಯಾಗಬೇಕು. ಆಗ ಯುದ್ಧದಲ್ಲಿ ಮಿಕ್ಕ ಸಾಮಾನೆಲ್ಲ ಡಿಸ್ಪೋಸಲ್ ಎಂಬ ಸರ್ಕಾರಿ ಹರಾಜಿನಲ್ಲಿ ಮಾರಾಟಕ್ಕೆ ಬರುತ್ತಿತ್ತು. ಬೂಟ್ಸು, ಕಂಬಳಿ, ಟೆಂಟು, ಟಯರು, ಏನು ಬೇಕಾದರೂ. ಭಾವ ಒಂದು ದಿನ ಕೈಗಾಡಿಯಲ್ಲಿ ಹಸಿರು ಬಣ್ಣದ ಎಂಜಿನ್ನೊಂದನ್ನು ಹೇರಿಸಿಕೊಂಡು ಬಂದರು. ಮಿಲಿಟರಿಯ ಯಾವುದೋ ಗಾಡಿಯದು. ನಮ್ಮ ಕಾರಿನದರ ಎರಡರಷ್ಟು ಗಾತ್ರ. ಅದನ್ನು ಇಳಿಸಲು ಅಂಗಡಿಯ ಹಮಾಲರೆಲ್ಲ ಬರಬೇಕಾಯಿತು.

ಆ ಎಂಜಿನ್ನಿಗೆ ತಕ್ಕ ಗೇರ್‌ಬಾಕ್ಸೂ ಮಾರಾಟಕ್ಕಿತ್ತು. ಆದರೆ ಅದು ಮೊಳದುದ್ದದ್ದು, ಪಕ್ಕಕ್ಕೆ ಇನ್ನೊಂದು ಪೆಟ್ಟಿಗೆ ಬೇರೆ ಅಂಟಿಕೊಂಡಿತ್ತು. ಅದನ್ನು ಕೂರಿಸಬೇಕಾದರೆ ಕಾರಿನ ನೆಲವನ್ನು ಕುಯ್ಯಬೇಕು. ಮಾವ ಒಪ್ಪಲಿಲ್ಲ. ಪೂಜೆ ಮಾಡಿ ಮನೆಗೆ ತಂದ ಗಾಡಿಯ ನೆಲ ಕುಯ್ಯುವುದೆಂದರೆ ಏನು ಎಂದು ಕೇಳಿದರು. ಅಲ್ಲಿಗೆ ಆ ಮಾತು ಮುಗಿಯಿತು. ಎಂಜಿನ್ನು ಹೊಸದು, ಗೇರ್‌ಬಾಕ್ಸು ಹಳೆಯದೇ ಎಂದು ತೀರ್ಮಾನವಾಯಿತು. ಅಪ್ಪನ ಮಾತೂ ಉಳಿಯಿತು, ಮಗನ ಆಸೆಯೂ ತೀರಿತು. ನಡುವೆ ಸಿಕ್ಕಿಕೊಂಡ ಕಬ್ಬಿಣವನ್ನು ಕೇಳುವವರು ಯಾರು?

ಕೇಳಿದವಳು ನಾನೊಬ್ಬಳು. ಗ್ಯಾರೇಜಿನ ಮೇಸ್ತ್ರಿ ನಮ್ಮ ಮನೆಯ ಶೆಡ್ಡಿಗೇ ಬಂದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ದಪ್ಪ ಕಬ್ಬಿಣದ ತಟ್ಟೆಯೊಂದನ್ನು ಬೋಲ್ಟು ಹಾಕಿ ಕೂರಿಸುತ್ತಿದ್ದ. ಕಾಫಿ ಕೊಡುವ ನೆಪದಲ್ಲಿ ಹೋಗಿ, ಈ ಪೆಟ್ಟಿಗೆ ಎಷ್ಟು ಬಲ ತಡೆಯುತ್ತೆ ಎಂದು ಕೇಳಿದೆ. ಅವನು ಗೇರ್‌ಬಾಕ್ಸಿನ ಬೆನ್ನನ್ನು ಕರುವಿನ ಬೆನ್ನು ತಟ್ಟುವ ಹಾಗೆ ತಟ್ಟಿದ.

“ತಡ್ಕೊಳ್ಳತ್ತೆ ಬಿಡಿ ಅಮ್ಮಾ. ಹಳೇ ಕಾಲದ ಮಾಲು. ಇಷ್ಟು ವರ್ಷ ತಡ್ಕೊಂಡಿಲ್ವಾ?”

ಇಷ್ಟು ವರ್ಷ ಅದು ತಡೆದುಕೊಂಡಿದ್ದು ಹೆಚ್ಚುಪಾಲು ಇದ್ದಿಲಿನ ಬಲವನ್ನು. ಅದನ್ನು ಹೇಳಿದೆ. ಭಾವ ಪಕ್ಕದಲ್ಲೇ ನಿಂತಿದ್ದರು. ಸ್ಕೂಲಿನ ಪಾಠ ಸ್ಕೂಲಿನಲ್ಲಿ ಇರಲಿ ಎಂದು ನಗುತ್ತಲೇ ನನ್ನನ್ನು ಒಳಗೆ ಕಳಿಸಿದರು.

ಆ ಪಾಠವನ್ನು ಇಲ್ಲಿಯಾದರೂ ಮಾಡಿ ಮುಗಿಸುತ್ತೇನೆ. ಎಂಜಿನ್ನಿನ ಶಕ್ತಿಯನ್ನು ಕುದುರೆಗಳ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಆದರೆ ಗೇರ್‌ಬಾಕ್ಸಿಗೆ ಕುದುರೆಗಳ ಚಿಂತೆ ಇಲ್ಲ. ಅದಕ್ಕೆ ಭಾರವಾಗುವುದು ತಿರುಚುವ ಬಲ. ಒದ್ದೆ ಜಮಖಾನವನ್ನು ಇಬ್ಬರು ಎರಡು ಕಡೆ ಹಿಡಿದು ಹಿಂಡುವಾಗ ನಡುವಿನ ಬಟ್ಟೆಗೆ ಆಗುವುದೇ ಗೇರ್‌ಬಾಕ್ಸಿನೊಳಗಿನ ದಂಡಕ್ಕೂ ಆಗುತ್ತದೆ. ಕಾರು ನಿಂತಲ್ಲಿಂದ ಕದಲುವಾಗ, ಅಂದರೆ ಮೊದಲನೆಯ ಗೇರಿನಲ್ಲಿ, ಎಂಜಿನ್ನಿನ ಬಲ ಮೂರು ಪಟ್ಟಿಗೂ ಹೆಚ್ಚಾಗಿ ಚಕ್ರಕ್ಕೆ ಹೋಗುತ್ತದೆ. ಅಷ್ಟನ್ನೂ ಹೊರುವುದು ಒಂದಕ್ಕೊಂದು ಕಚ್ಚಿಕೊಂಡ ಎರಡು ಮೂರು ಹಲ್ಲುಗಳು. ಓಡುವ ಗಾಡಿಯಲ್ಲಿ ಗೇರ್‌ಬಾಕ್ಸು ಮುರಿಯುವುದು ಕಡಿಮೆ. ನಿಂತ ಗಾಡಿಯನ್ನು ಜಗ್ಗಿದಾಗಲೇ ಅದಕ್ಕೆ ಕಂಟಕ. ಹಗ್ಗದ ವ್ಯಾಪಾರದಲ್ಲಿ ಮಾವನಿಗೆ ಇದು ಚೆನ್ನಾಗಿ ಗೊತ್ತಿತ್ತು. ಮೆಲ್ಲಗೆ ಎತ್ತಿದರೆ ತಡೆಯುವ ಭಾರಕ್ಕೇ ಜಗ್ಗಿದರೆ ಹಗ್ಗ ಹರಿಯುತ್ತದೆ ಎಂದು ಗಿರಾಕಿಗಳಿಗೆ ತಾವೇ ಎಚ್ಚರಿಕೆ ಕೊಡುತ್ತಿದ್ದರು. ಮನೆಯ ಕಾರಿಗೂ ಆ ಮಾತು ಸಲ್ಲುತ್ತದೆ ಎಂದು ಅವರಿಗೆ ಹೊಳೆಯಲಿಲ್ಲ.

ಹೊಸ ಎಂಜಿನ್ನು ಬಂದ ಮೇಲೆ ನನ್ನ ಬೆಳಗು ಒಂದು ಥರ, ಸಂಜೆ ಒಂದು ಥರ. ನಮ್ಮ ಯಜಮಾನರ ಕಾಲು ಹಗುರ. ಕ್ಲಚ್ಚನ್ನು ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಬಿಡುತ್ತಿದ್ದರು. ಕಾರು ಹೊರಟದ್ದೇ ಗೊತ್ತಾಗುತ್ತಿರಲಿಲ್ಲ. ಸಂಜೆ ಭಾವ ಸ್ಕೂಲಿನ ಗೇಟಿನ ಮುಂದೆಯೇ ಎಂಜಿನ್ನು ಗರ್ಜಿಸುವಂತೆ ತುಳಿದು, ಹುಡುಗಿಯರೆಲ್ಲ ತಿರುಗಿ ನೋಡುವ ಹಾಗೆ ಒಂದು ನೆಗೆತ ನೆಗೆಸುತ್ತಿದ್ದರು. ಆ ನೆಗೆತದಲ್ಲಿ ನನ್ನ ಕಾಲ ಕೆಳಗಿನ ಹಲಗೆಯಿಂದ ಒಂದು ನರಳಾಟ ಮೇಲಕ್ಕೆ ಬರುತ್ತಿತ್ತು. ಕೆಲವು ತಿಂಗಳಲ್ಲಿ ಎರಡನೆಯ ಗೇರು ತಾನಾಗಿಯೇ ಕಳಚಿಕೊಳ್ಳತೊಡಗಿತು. ಭಾವ ಒಂದು ಕೈಯಲ್ಲಿ ಗೇರಿನ ಕಡ್ಡಿಯನ್ನು ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ಸ್ಟೇರಿಂಗ್ ತಿರುಗಿಸುತ್ತಿದ್ದರು. ಕ್ಲಚ್ಚು ಜಾರುತ್ತಿದೆ ಎಂದು ಮಿಲಿಟರಿಯದೇ ದಪ್ಪ ಕ್ಲಚ್ಚು ಹಾಕಿಸಿದರು. ಅಲ್ಲಿಗೆ ಜಾರಿ ತಪ್ಪಿಸಿಕೊಳ್ಳುವ ಇದ್ದೊಂದು ದಾರಿಯೂ ಮುಚ್ಚಿತು.

ನಾನು ದಣಿದಿದ್ದೆ. ಕೆಲಸಕ್ಕಿಂತ ಹೆಚ್ಚಾಗಿ ಆ ಸದ್ದನ್ನು ಕೇಳಿ ಕೇಳಿ ದಣಿದಿದ್ದೆ. ಪ್ರತಿ ಸಂಜೆ ಮನೆಯ ಶೆಡ್ಡಿಗೆ ಕಾರು ಸೇರಿದಾಗ ಇವತ್ತಿಗೆ ಉಳಿಯಿತು ಎಂದು ಉಸಿರು ಬಿಡುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಒಬ್ಬ ಗೆಳತಿಗೆ ಇದನ್ನೆಲ್ಲ ಹೇಳಿಕೊಂಡಾಗ ಅವಳು, ಹಾಗಾದರೆ ನಿಮ್ಮ ಮನೆಗೆ ನೀನೇ ಗೇರ್‌ಬಾಕ್ಸು ಬಿಡು ಎಂದಳು. ನನಗೆ ಆ ಹೋಲಿಕೆ ಹಿಡಿಸಲಿಲ್ಲ. ಗೇರ್‌ಬಾಕ್ಸಿಗೆ ಎಣ್ಣೆಯನ್ನಾದರೂ ಹಾಕುತ್ತಾರೆ.

ಆ ವರ್ಷದ ಆಯುಧಪೂಜೆ ಬಂತು. ನಮ್ಮದು ಶಿವಭಕ್ತರ ಮನೆ. ಮಾವ ಬೆಳಗ್ಗೆ ಅಂಗಡಿಯ ತಕ್ಕಡಿ, ಕೊಕ್ಕೆ, ಕತ್ತರಿಗಳಿಗೆಲ್ಲ ವಿಭೂತಿ ಹಚ್ಚಿ ಪೂಜೆ ಮುಗಿಸಿ ಮಧ್ಯಾಹ್ನ ಮನೆಗೆ ಬಂದರು. ಕಾರಿಗೆ ಬಾಳೆಕಂದು, ಮಾವಿನೆಲೆ, ಚೆಂಡುಹೂವಿನ ಹಾರ. ಮುಂದಿನ ಚಕ್ರಗಳ ಕೆಳಗೆ ನಿಂಬೆಹಣ್ಣು. ಪೂಜೆಯಾದ ಮೇಲೆ ಕಾರು ಮುಂದಕ್ಕೆ ಹೋಗಿ ಆ ನಿಂಬೆಹಣ್ಣುಗಳನ್ನು ಜಜ್ಜಬೇಕು. ಮನೆಯ ಮಕ್ಕಳೆಲ್ಲ ಆಗಲೇ ಹಿಂದಿನ ಸೀಟಿನಲ್ಲಿ ತುಂಬಿಕೊಂಡು ಕಾಯುತ್ತಿದ್ದರು.

ನಮ್ಮ ಶೆಡ್ಡಿನ ನೆಲ ರಸ್ತೆಯ ಕಡೆಗೆ ಇಳಿಜಾರು. ಕೈಬ್ರೇಕು ನಿಲ್ಲುತ್ತಿರಲಿಲ್ಲವಾದ್ದರಿಂದ ಮುಂದಿನ ಒಂದು ಚಕ್ರಕ್ಕೆ ಕಲ್ಲು ಕೊಡುತ್ತಿದ್ದೆವು. ಹಳೆಯ ರುಬ್ಬುಗುಂಡು, ಉರುಟಾಗಿ ಕಪ್ಪಗೆ ಇತ್ತು. ಬೆಳಗ್ಗೆ ಕಾರು ಹೊರಡುವ ಮುಂಚೆ ಅದನ್ನು ಕಾಲಲ್ಲಿ ಪಕ್ಕಕ್ಕೆ ಒದೆಯುವುದು ನಮ್ಮ ಯಜಮಾನರ ದಿನನಿತ್ಯದ ಕೆಲಸ. ಆ ದಿನ ಮಾವ ಕಾರಿನ ಸುತ್ತ ಬರುತ್ತಾ ಎಲ್ಲದಕ್ಕೂ ವಿಭೂತಿ ಹಚ್ಚಿದರು. ಬಾನೆಟ್ಟಿಗೆ, ದೀಪಗಳಿಗೆ, ಚಕ್ರಗಳಿಗೆ. ಬಗ್ಗಿದವರು ಆ ಗುಂಡಿಗೂ ಮೂರು ಬೆರಳಲ್ಲಿ ಮೂರು ಪಟ್ಟೆ ಎಳೆದು ಮೇಲೊಂದು ಹೂವಿಟ್ಟು ಮುಂದೆ ಹೋದರು. ಅದೂ ಕಾರನ್ನು ಕಾಯುವ ಸಾಮಾನೇ ತಾನೆ?

ಈಗ ಆ ಕಪ್ಪು ಗುಂಡು ಸಾಕ್ಷಾತ್ ಲಿಂಗದ ಹಾಗೆ ಕಾಣುತ್ತಿತ್ತು. ಒದೆಯಲು ಕಾಲೆತ್ತಿದ ನಮ್ಮ ಯಜಮಾನರು ಎತ್ತಿದ ಕಾಲನ್ನು ಹಾಗೆಯೇ ಇಳಿಸಿದರು. ಕೈಯಲ್ಲಿ ಎತ್ತಿಡೋಣವೆಂದರೆ ನಿಂಬೆಹಣ್ಣು ಜಜ್ಜುವ ಕಾರೊಂದನ್ನು ಬಿಟ್ಟು ಪೂಜೆಯಾದ ಬೇರೆ ವಸ್ತುವನ್ನು ಮಾರನೆಯ ದಿನದವರೆಗೆ ಕದಲಿಸುವಂತಿಲ್ಲ. ಅಪ್ಪನನ್ನು ಕೇಳೋಣವೆಂದು ನೋಡಿದರು. ಮಾವ ಕಣ್ಣು ಅರೆಮುಚ್ಚಿ ಮಂತ್ರ ಹೇಳುತ್ತಾ ಮಂಗಳಾರತಿ ಎತ್ತುತ್ತಿದ್ದರು. ನಡುವೆ ಮಾತಾಡಿಸುವ ಹಾಗಿಲ್ಲ. ಸ್ಟೇರಿಂಗ್ ಹಿಂದೆ ಕೂತಿದ್ದ ಭಾವನಿಗೆ ಬಾನೆಟ್ಟಿನ ಮೇಲಿನ ಹೂವಿನ ರಾಶಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ತಮ್ಮ ದಿನವೂ ಕಲ್ಲು ತೆಗೆಯುತ್ತಾನೆ, ಇವತ್ತೂ ತೆಗೆದಿರುತ್ತಾನೆ ಎಂದುಕೊಂಡರು. ಆರತಿ ಮುಗಿದು ತೆಂಗಿನಕಾಯಿ ಒಡೆದದ್ದೇ ತಡ, ಎಂಜಿನ್ನು ಗರ್ಜಿಸುವಂತೆ ತುಳಿದು ಕ್ಲಚ್ಚು ಬಿಟ್ಟರು.

ಹಳೆಯ ಎಂಜಿನ್ನಾಗಿದ್ದರೆ ಕಲ್ಲಿಗೆ ತಗುಲಿದ ಕೂಡಲೇ ಕೆಮ್ಮಿ ಆರಿಹೋಗುತ್ತಿತ್ತು. ಅದರ ಬಡತನವೇ ಇಷ್ಟು ವರ್ಷ ಗೇರ್‌ಬಾಕ್ಸನ್ನು ಕಾಪಾಡಿತ್ತು. ಈ ಎಂಜಿನ್ನಿಗೆ ಆರುವುದು ಗೊತ್ತಿರಲಿಲ್ಲ. ಕ್ಲಚ್ಚು ಜಾರಲಿಲ್ಲ. ಕಲ್ಲು ಕದಲಲಿಲ್ಲ. ಏನಾದರೂ ಒಂದು ಸೋಲಲೇಬೇಕಿತ್ತು. ಸೀಟಿನ ಕೆಳಗಿಂದ ಕಟಕ್ಕೆಂದು ಒಂದು ಸದ್ದು, ಆಮೇಲೆ ಡಬ್ಬಿಯಲ್ಲಿ ಕಬ್ಬಿಣದ ಚೂರು ಕುಲುಕಿದಂಥ ಸದ್ದು. ಕಾರು ನಿಂತಲ್ಲೇ ನಿಂತಿತ್ತು. ಎಂಜಿನ್ನು ಮಾತ್ರ ಏನೂ ಆಗದವರ ಹಾಗೆ ಓಡುತ್ತಲೇ ಇತ್ತು. ಕಪ್ಪು ಎಣ್ಣೆ ನಿಧಾನವಾಗಿ ಇಳಿಜಾರಿನಲ್ಲಿ ಹರಿದು ಬಂದು ವಿಭೂತಿ ಹಚ್ಚಿದ ಕಲ್ಲಿನ ಬುಡದಲ್ಲಿ ನಿಂತಿತು. ನಿಂಬೆಹಣ್ಣುಗಳು ಹಾಗೇ ಇದ್ದವು.

ಯಾರೂ ಯಾರನ್ನೂ ಬಯ್ಯಲಿಲ್ಲ. ಬಯ್ಯುವುದಾದರೆ ಮೊದಲು ದೇವರ ಹೆಸರು ಬರುತ್ತಿತ್ತು. ಮೇಸ್ತ್ರಿ ಬಂದು ಬಿಚ್ಚಿದಾಗ ಒಳಗೆ ಹಲ್ಲುಗಳು ಉದುರಿದ್ದವು, ದಂಡ ತಿರುಚಿತ್ತು, ಪೆಟ್ಟಿಗೆ ಸೀಳಿತ್ತು. ಆ ಜಾತಿಯ ಗೇರ್‌ಬಾಕ್ಸು ಇಲ್ಲೆಲ್ಲೂ ಸಿಗುವುದಿಲ್ಲ, ಸಿಕ್ಕರೂ ಇದರ ಗತಿಯೇ ಆಗುತ್ತದೆ ಎಂದ. ಹಳೆಯ ಎಂಜಿನ್ನನ್ನು ಭಾವ ಆಗಲೇ ಗುಜರಿಗೆ ಕೊಟ್ಟಾಗಿತ್ತು. ನಾನು ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ದಸರಾ ರಜ ಮುಗಿಯುವುದಕ್ಕೆ ಇನ್ನು ಕೆಲವೇ ದಿನ ಇತ್ತು. ಕಾರಿಲ್ಲದಿದ್ದರೆ ಕೆಲಸವೂ ಇಲ್ಲ ಎಂಬ ಮಾತು ಮನೆಯಲ್ಲಿ ಎಲ್ಲರಿಗೂ ನೆನಪಿತ್ತು, ಯಾರೂ ಎತ್ತಲಿಲ್ಲ.

ಸ್ಕೂಲು ತೆರೆಯುವ ದಿನ ನಾನು ಎಂದಿನಂತೆ ಸೀರೆಯುಟ್ಟು ಊಟದ ಡಬ್ಬಿ ಹಿಡಿದು ಹಜಾರಕ್ಕೆ ಬಂದೆ. ಬೇಡ ಎಂದು ಅವರ ಬಾಯಲ್ಲೇ ಬರಲಿ ಎಂಬ ಹಟ ನನ್ನದು. ಮಾವ ಕರೀ ಕೋಟು ತೊಟ್ಟು, ರುಮಾಲು ಸುತ್ತಿ, ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಒಬ್ಳೇ ಹೋಗೋದು ಬೇಡ ಅಂದಿದ್ದೆ. ನಡಿಯಮ್ಮ, ನಾನ್ ಬರ್ತೀನಿ.”

ಅಂದಿನಿಂದ ನಾವಿಬ್ಬರೂ ಮಾರ್ಕೆಟ್ಟಿನವರೆಗೆ ನಡೆದು ಮಲ್ಲೇಶ್ವರದ ಬಸ್ಸು ಹತ್ತುತ್ತಿದ್ದೆವು. ಮಾವ ಅವತ್ತಿನವರೆಗೆ ಬಸ್ಸು ಹತ್ತಿದವರಲ್ಲ. ಸೀಟು ಸಿಗದಿದ್ದರೆ ಕಂಬಿ ಹಿಡಿದು ನಿಲ್ಲುತ್ತಿದ್ದರು. ವಾಪಸ್ಸು ಹೋಗಿ ಸಂಜೆ ಮತ್ತೆ ಬರುವುದು ಆಗುವುದಿಲ್ಲವೆಂದು ಸ್ಕೂಲಿನ ಎದುರಿನ ಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಇಡೀ ದಿನ ಕೂತಿರುತ್ತಿದ್ದರು. ರುಮಾಲು, ಕೋಟು ನೋಡಿ ಹುಡುಗಿಯರು ಅವರಿಗೆ ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟರು. ಪಾಠ ಮಾಡುತ್ತಾ ಕಿಟಕಿಯಿಂದ ನೋಡಿದರೆ ಅವರು ಕೊಡೆಯ ಹಿಡಿಯ ಮೇಲೆ ಗಲ್ಲವಿಟ್ಟು ರಸ್ತೆ ನೋಡುತ್ತಾ ಇರುತ್ತಿದ್ದರು. ನನಗೆ ಸಿಟ್ಟೂ ಬರುತ್ತಿತ್ತು, ಪಾಪ ಎಂದೂ ಅನ್ನಿಸುತ್ತಿತ್ತು. ಬರಬೇಡಿ ಎಂದು ನಾನು ಹೇಳುವಂತಿಲ್ಲ, ಹೋಗಬೇಡ ಎಂದು ಅವರು ಹೇಳುವವರಲ್ಲ. ಚಳಿಗಾಲ ಬಂತು. ಅವರ ಮಂಡಿ ಊದಿಕೊಂಡಿತು. ಆದರೂ ಬೆಳಗ್ಗೆ ಎದ್ದು ರುಮಾಲು ಸುತ್ತುವುದು ತಪ್ಪಲಿಲ್ಲ.

ಒಂದು ಸಂಜೆ ವಾಪಸ್ಸು ಬರುವಾಗ ಅವರಿಗೆ ನನ್ನ ಪಕ್ಕದಲ್ಲೇ ಸೀಟು ಸಿಕ್ಕಿತು. ಕೂತ ಸ್ವಲ್ಪ ಹೊತ್ತಿಗೇ ನಿದ್ದೆ ಹೋದರು. ಬಸ್ಸು ಕುಲುಕಿದಾಗ ರುಮಾಲು ಜಾರಿ ಕೆಳಗೆ ಬಿತ್ತು. ಅವರ ಬೋಳು ತಲೆಯನ್ನು ಮನೆಯ ಹೊರಗೆ ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ರುಮಾಲು ಎತ್ತಿಕೊಂಡು ಧೂಳು ಕೊಡವಿ ತೊಡೆಯ ಮೇಲಿಟ್ಟುಕೊಂಡೆ. ಎಬ್ಬಿಸಲು ಮನಸ್ಸಾಗಲಿಲ್ಲ. ಮಾರ್ಕೆಟ್ಟಿನಲ್ಲಿ ಅವರೇ ಕಣ್ಣು ಬಿಟ್ಟರು. ತಲೆ ಮುಟ್ಟಿಕೊಂಡರು, ನನ್ನ ಮಡಿಲಲ್ಲಿದ್ದ ರುಮಾಲು ನೋಡಿದರು. ಬಸ್ಸು ಇಳಿದು ಸ್ವಲ್ಪ ದೂರ ನಡೆದ ಮೇಲೆ ನಿಂತರು.

“ನನ್ ಕೈಲಾಗಲ್ಲ ಕಣಮ್ಮ,” ಎಂದರು. “ನಾಳೆಯಿಂದ ನೀನೇ ಹೋಗ್ಬಾ.”

ಬಿಡುಗಡೆಯಾದದ್ದು ನನಗೆ. ಆದರೂ ಮನೆಯವರೆಗೂ ಕಣ್ಣು ಒರೆಸಿಕೊಳ್ಳುತ್ತಾ ನಡೆದೆ. ನಮ್ಮ ಮನೆಯಲ್ಲಿ ಆಗುವುದಿಲ್ಲ ಎಂಬ ಮಾತನ್ನು ಯಾರೂ ಆಡಿ ರೂಢಿಯಿರಲಿಲ್ಲ. ಮೊದಲು ಹೇಳಿದ್ದು ಆ ಗೇರ್‌ಬಾಕ್ಸು, ಆಮೇಲೆ ಮಾವ.

ಒಬ್ಬಳೇ ಹೋಗಿ ಬರುವವಳು ಎಂದಾದ ಮೇಲೆ ನನ್ನ ಹೊರೆ ಬೆಳೆಯುತ್ತಾ ಹೋಯಿತು. ಹೇಗೂ ಮಾರ್ಕೆಟ್ಟಿನ ಮೇಲೆಯೇ ಬರುತ್ತಾಳೆ, ತರಕಾರಿ ತರಲಿ. ಅತ್ತೆಯ ಕಷಾಯದ ಬೇರು ತರಲಿ. ಅಂಗಡಿಗೆ ಒಂದು ಮಾತು ಮುಟ್ಟಿಸಿ ಬರಲಿ. ಬೆಳಗಿನ ರೊಟ್ಟಿ, ಸಂಜೆಯ ಮುದ್ದೆ ಎರಡೂ ಹಾಗೇ ಉಳಿದವು. ಎಷ್ಟು ತಡೆಯುತ್ತೀಯೆ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಇಷ್ಟು ವರ್ಷ ತಡೆದುಕೊಂಡಿದ್ದಾಳಲ್ಲ ಎಂಬುದೇ ಎಲ್ಲರ ಲೆಕ್ಕ.

ಭಾವ ಕಾರನ್ನು ಗುಜರಿಗೆ ಹಾಕಿ, ಎಂಜಿನ್ನನ್ನು ವಿಶ್ವೇಶ್ವರಪುರದ ಒಂದು ಹಿಟ್ಟಿನ ಗಿರಣಿಗೆ ಮಾರಿದರು. ಗಿರಣಿಯವನು ನಮಗೆ ಕಾಯಿಸದೆ ಬೀಸಿಕೊಡುತ್ತಾನೆಂದು ರಾಗಿ ಬೀಸಿಸುವುದೂ ನನ್ನ ಪಾಲಿಗೇ ಬಂತು. ಶನಿವಾರ ಅರ್ಧ ದಿನ ಸ್ಕೂಲು. ಮುಗಿಸಿ ಮನೆಗೆ ಬಂದು, ಡಬ್ಬ ಹೊತ್ತುಕೊಂಡು ಅಲ್ಲಿಗೆ ಹೋಗುತ್ತಿದ್ದೆ. ಅದೇ ಹಸಿರು ಎಂಜಿನ್ನು, ಹಿಟ್ಟಿನಲ್ಲಿ ಬೆಳ್ಳಗಾಗಿ, ಅದೇ ಗರ್ಜನೆಯಲ್ಲಿ ಓಡುತ್ತಿತ್ತು. ಅದಕ್ಕೂ ಬೀಸುವ ಕಲ್ಲಿಗೂ ನಡುವೆ ಗೇರ್‌ಬಾಕ್ಸು ಇರಲಿಲ್ಲ, ಚಕ್ರಗಳಿಗೆ ಸುತ್ತಿದ ಉದ್ದನೆಯ ಒಂದು ತೊಗಲಿನ ಪಟ್ಟಿ ಇತ್ತು. ಯಾರಾದರೂ ಅವಸರಕ್ಕೆ ಜಾಸ್ತಿ ಕಾಳು ಸುರಿದರೆ ಪಟ್ಟಿ ಚಟಾರೆಂದು ಕಳಚಿ ನೆಲಕ್ಕೆ ಬೀಳುತ್ತಿತ್ತು. ಗಿರಣಿಯವನು ಬಯ್ಯುತ್ತಿರಲಿಲ್ಲ. ಬೀಡಿ ಕೆಳಗಿಟ್ಟು ಬಂದು ಅದನ್ನು ಮತ್ತೆ ಏರಿಸುವವರೆಗೆ ಸಾಲಿನಲ್ಲಿದ್ದವರೆಲ್ಲ ಸುಮ್ಮನೆ ಕಾಯುತ್ತಿದ್ದರು.

ಒಂದು ಶನಿವಾರ ನನ್ನ ಸರದಿಯಲ್ಲೇ ಪಟ್ಟಿ ಬಿತ್ತು. ಬಿದ್ದ ಪಟ್ಟಿಯನ್ನು ನೋಡುತ್ತಾ ನಿಂತಾಗ ನನಗೆ ಅದರ ಮೇಲೆ ಹೊಟ್ಟೆಕಿಚ್ಚಾಯಿತು. ಹಿಟ್ಟು ಹೊತ್ತು ಮನೆಗೆ ಬಂದೆ. ಹಜಾರದಲ್ಲಿ ಮನೆಯವರೆಲ್ಲ ಇದ್ದರು. ಇವತ್ತು ಸಂಜೆ ನೆಂಟರು ಬರುತ್ತಾರೆ, ಹೋಳಿಗೆ ಆಗಬೇಕು ಎಂದು ಅತ್ತೆ ಹೇಳಿದರು. ನಾನು ಡಬ್ಬವನ್ನು ಹಜಾರದ ನಡುವೆ ಇಳಿಸಿದೆ.

“ಇವತ್ ನನ್ ಕೈಲಾಗಲ್ಲ,” ಎಂದೆ.

ಅತ್ತೆ ಭಾವನ ಮುಖ ನೋಡಿದರು, ಭಾವ ನಮ್ಮ ಯಜಮಾನರ ಮುಖ ನೋಡಿದರು. ಬೆಂಚಿನ ಮೇಲೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಮಾವ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟರು. ನಾನು ಹೋಗಿ ಕೂತೆ. ಹಿಟ್ಟು ತಣ್ಣಗಾಗುವವರೆಗೂ ಡಬ್ಬ ಹಜಾರದಲ್ಲೇ ಇತ್ತು.